ಪರ್ಸಿ ಮತ್ತು ಡಿಸೋಜ: ಕುಲನಾಮಗಳ ವಲಸೆ ಮತ್ತು ದೀಕ್ಷಾಸ್ನಾನದ ಸಾಕ್ಷ್ಯ

ಬಲ್ಮಠದಿಂದ ಕದ್ರಿಯ ಕಡೆಗೆ ನಡೆದು ಹೋಗುವಾಗ ಮನೆಗಳ ನಾಮಫಲಕಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಡಿಸೋಜ, ಪಿಂಟೊ, ಲೋಬೊ, ಸಲ್ಡಾನ್ಹಾ ಎಂಬ ಹೆಸರುಗಳ ನಡುವೆ ಬಂಗೇರ, ಕುಂದರ್ ಎಂಬವೂ ಕಾಣುತ್ತವೆ. ಈ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಗಂಡುಮಕ್ಕಳಿಗೆ ಇಡುವ ಮೊದಲ ಹೆಸರುಗಳಲ್ಲಿ ಪರ್ಸಿ ಎಂಬುದೂ ಒಂದು. ಇಂಗ್ಲೆಂಡಿನ ನಾರ್ಮನ್ ಮೂಲದ ಒಂದು ಕುಲನಾಮ ಮೊದಲ ಹೆಸರಾಗಿ, ಪೋರ್ಚುಗಲ್ಲಿನ ಒಂದು ನದಿಯ ಹೆಸರು ಕುಲನಾಮವಾಗಿ, ತುಳುನಾಡಿನ ಒಂದೇ ಮಗುವಿನ ಮೇಲೆ ಬಂದು ಕೂಡುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಆದರೆ ಸಭಾಪಾಲನೆಯಲ್ಲಿ ಈ ಹೆಸರುಗಳು ಪ್ರಶ್ನೆಗಳಾಗಿ ಎದುರಾಗುತ್ತವೆ. ನಮ್ಮ ಹಿರಿಯರು ಪೋರ್ಚುಗೀಸರೇ ಎಂದು ಹೆಮ್ಮೆಯಿಂದ ಕೇಳುವವರಿದ್ದಾರೆ. ಪರಕೀಯರು ಹೇರಿದ ಈ ಹೆಸರನ್ನು ಕಳಚಿಹಾಕಬಾರದೇ ಎಂದು ನೊಂದು ಕೇಳುವವರೂ ಇದ್ದಾರೆ. ಮೊದಲನೆಯವರು ಹೆಸರಿನಿಂದ ರಕ್ತವನ್ನು ಊಹಿಸುತ್ತಾರೆ. ಎರಡನೆಯವರು ಹೆಸರಿನಲ್ಲಿ ದಬ್ಬಾಳಿಕೆಯನ್ನು ಮಾತ್ರ ಕಾಣುತ್ತಾರೆ. ಈ ಎರಡು ನಿಲುವುಗಳಿಗೂ ಚರಿತ್ರೆಯ ಬೆಂಬಲ ಎಷ್ಟಿದೆ ಎಂಬುದನ್ನು ಪರ್ಸಿ ಮತ್ತು ಡಿಸೋಜ ಎಂಬ ಎರಡು ಹೆಸರುಗಳ ಜಾಡು ಹಿಡಿದು ನೋಡುವುದು ಈ ಲೇಖನದ ಉದ್ದೇಶ.

ನಾರ್ಮನ್ ಎಂದರೆ ಉತ್ತರದವನು. ಸ್ಕ್ಯಾಂಡಿನೇವಿಯದಿಂದ ಕಡಲ ದಾಳಿಗೆ ಬಂದ ಈ ಜನರ ನಾಯಕ ರೋಲೊ 911ರಲ್ಲಿ ಫ್ರಾಂಕರ ಅರಸನೊಡನೆ ಒಪ್ಪಂದ ಮಾಡಿಕೊಂಡು ಸೇನ್ ನದಿಯ ಕೆಳದಂಡೆಯ ಪ್ರದೇಶವನ್ನು ಪಡೆದನು. ಅನಂತರ ಅವನು ದೀಕ್ಷಾಸ್ನಾನ ಹೊಂದಿದನೆಂದೂ, ತನಗೆ ಜ್ಞಾನಪಿತನಾಗಿ ನಿಂತ ರಾಬರ್ಟನ ಹೆಸರನ್ನೇ ಧರಿಸಿದನೆಂದೂ ನಾರ್ಮನ್ನರ ಇತಿಹಾಸವನ್ನು ಮೊದಲು ಬರೆದ ಡ್ಯೂಡೊ ಹೇಳುತ್ತಾನೆ. ಹೀಗೆ ನಾರ್ಮನ್ ವಂಶದ ಮೂಲಪುರುಷನೇ ಮತ್ತೊಬ್ಬರ ಹೆಸರನ್ನು ದೀಕ್ಷಾಸ್ನಾನದಲ್ಲಿ ಪಡೆದವನು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅದುವರೆಗೆ ಅಲ್ಲಿನ ಜನರಿಗೆ ಸಾಮಾನ್ಯವಾಗಿ ಒಂದೇ ಹೆಸರಿತ್ತು. ತಂದೆಯಿಂದ ಮಗನಿಗೆ ಇಳಿದುಬರುವ ಕುಲನಾಮದ ರೂಢಿ ಇರಲಿಲ್ಲ. ಗೆದ್ದು ಬಂದ ಸರದಾರರು ನಾರ್ಮಂಡಿಯಲ್ಲಿದ್ದ ತಮ್ಮ ಊರಿನ ಹೆಸರನ್ನು ‘ದ’ ಎಂಬ ಪ್ರತ್ಯಯದೊಡನೆ ಸೇರಿಸಿಕೊಂಡರು. ಪರ್ಸಿ ಎಂಬ ಊರಿನಿಂದ ಬಂದ ವಿಲಿಯಂ ದ ಪರ್ಸಿಯ ಯಾರ್ಕ್‌ಷೈರ್ ಮತ್ತು ಲಿಂಕನ್‌ಷೈರ್ ಭೂಮಿಗಳು 1086ರ ಡೂಮ್ಸ್‌ಡೇ ದಾಖಲೆಯಲ್ಲಿ ನಮೂದಾಗಿವೆ. ಬ್ರೂಸ್, ಮಾಂಟ್ಗೊಮರಿ ಮುಂತಾದ ಹೆಸರುಗಳು ಹುಟ್ಟಿದ್ದೂ ಹೀಗೆಯೇ.

ಪರ್ಸಿ ಮನೆತನದ ಮುಂದಿನ ಕಥೆ ನಮಗೆ ಹೆಚ್ಚು ಮುಖ್ಯವಾದದ್ದು. 12ನೆಯ ಶತಮಾನದಲ್ಲಿಯೇ ಆ ವಂಶದ ಗಂಡುಸಂತತಿ ನಿಂತುಹೋಯಿತು. ಉತ್ತರಾಧಿಕಾರಿಣಿಯಾದ ಆ್ಯಗ್ನೆಸ್ ಲೂವೆನಿನ ಜೋಸ್ಲಿನ್ ಎಂಬವನನ್ನು ವರಿಸಿದಳು. ಅವರ ಸಂತತಿ ತಾಯಿಯ ಕಡೆಯ ಹೆಸರಾದ ಪರ್ಸಿಯನ್ನು ಧರಿಸಿತು. 1377ರಿಂದ ನಾರ್ಥಂಬರ್ಲೆಂಡಿನ ಅರ್ಲ್‌ಗಳಾಗಿ ಪ್ರಸಿದ್ಧರಾದವರು ಇವರೇ. 18ನೆಯ ಶತಮಾನದಲ್ಲಿ ಇದೇ ಮತ್ತೊಮ್ಮೆ ನಡೆಯಿತು. ಆ ಮನೆತನದ ಆಸ್ತಿಗೆ ವಾರಸುದಾರಳಾದ ಎಲಿಜಬೆತ್ ಸೀಮೋರಳ ಕೈಹಿಡಿದ ಹ್ಯೂ ಸ್ಮಿತ್ಸನ್ 1750ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಪರ್ಸಿ ಎಂಬ ಹೆಸರನ್ನು ಪಡೆದನು. ಇಂಗ್ಲೆಂಡಿನ ಅತ್ಯಂತ ಅಭಿಮಾನದ ನಾರ್ಮನ್ ಕುಲನಾಮಗಳಲ್ಲಿ ಒಂದಾದ ಇದು ಎರಡು ಬಾರಿ ಹೆಣ್ಣುಮಕ್ಕಳ ಮೂಲಕ ಬೇರೆ ಮನೆತನದ ಗಂಡಸರಿಗೆ ಸಂದಿದೆ. ಹೆಸರು ಮುಂದುವರಿದ ಮಾತ್ರಕ್ಕೆ ತಂದೆಯ ರಕ್ತಸಂಬಂಧ ಮುಂದುವರಿದಂತಲ್ಲ.

ಸಾಮಾನ್ಯ ಜನರಲ್ಲಿ ಆದದ್ದು ಇನ್ನೂ ವ್ಯಾಪಕವಾದುದು. ನಾರ್ಮನ್ನರು ತಂದ ವಿಲಿಯಂ, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳನ್ನು ಸೋತ ಇಂಗ್ಲಿಷ್ ರೈತರು ಕೆಲವೇ ತಲೆಮಾರುಗಳಲ್ಲಿ ತಮ್ಮ ಮಕ್ಕಳಿಗೆ ಇಡತೊಡಗಿದರು. ಮುಂದೆ ಅವುಗಳಿಂದಲೇ ವಿಲಿಯಮ್ಸನ್, ರಾಬರ್ಟ್ಸ್, ರಿಚರ್ಡ್ಸನ್ ಎಂಬ ಕುಲನಾಮಗಳು ಹುಟ್ಟಿದವು. ಈ ಹೆಸರುಳ್ಳ ಕೋಟ್ಯಂತರ ಜನರನ್ನು ನಾರ್ಮನ್ ಸಂತತಿಯೆಂದು ಯಾವ ಇತಿಹಾಸಕಾರನೂ ಹೇಳುವುದಿಲ್ಲ.

ಇನ್ನು ಡಿಸೋಜ. ಉತ್ತರ ಪೋರ್ಚುಗಲ್ಲಿನಲ್ಲಿ ಹರಿದು ಡೋರೊ ನದಿಯನ್ನು ಸೇರುವ ಸೋಸಾ ಎಂಬ ನದಿಯಿದೆ. ಅದರ ದಂಡೆಯ ಪ್ರಭುಮನೆತನವೊಂದು ಆ ಹೆಸರಿಗೆ ‘ದ’ ಸೇರಿಸಿ ಕುಲನಾಮವಾಗಿಸಿಕೊಂಡಿತು. ನಾರ್ಮನ್ನರ ಕ್ರಮವೂ ಇದೇ ಆಗಿತ್ತು. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊವಿನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊವಿನ ಮಗ. ಈ ಫೆರ್ನಾಂಡೊ, ರೊಡ್ರಿಗೊ ಎಂಬವು ಕೂಡ ಮೂಲದಲ್ಲಿ ಪೋರ್ಚುಗೀಸ್ ಹೆಸರುಗಳಲ್ಲ. ಆ ನಾಡನ್ನು ಹಿಂದೆ ಆಳಿದ ವಿಸಿಗೋಥ್ ಎಂಬ ಜರ್ಮಾನಿಕ್ ಜನರಿಂದ ಬಂದವು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರು ಗೋವೆಗೆ ಬಂದಿಳಿದದ್ದು ಹೊಸ ಗವರ್ನರನಾಗಿ ಬಂದ ಮಾರ್ತಿಂ ಅಫೊನ್ಸೊ ದ ಸೋಸಾನ ಜೊತೆಯಲ್ಲಿ. ಅಲ್ಲಿ ಕೊಂಕಣಿ ಕುಟುಂಬಗಳು ದೀಕ್ಷಾಸ್ನಾನ ಹೊಂದುವಾಗ ಜ್ಞಾನಪಿತನ ಅಥವಾ ದೀಕ್ಷೆ ಕೊಟ್ಟ ಪಾದ್ರಿಯ ಕುಲನಾಮವನ್ನು ಕೊಡುವುದು ರೂಢಿಯಾಗಿತ್ತು. ಹೀಗೆ ಒಂದೇ ಕುಲನಾಮ ಪರಸ್ಪರ ಸಂಬಂಧವಿಲ್ಲದ ಅನೇಕ ಮನೆತನಗಳಿಗೆ ಬಂದಿತು. ಒಂದೇ ಹಿಂದೂ ಮನೆತನದ ಕವಲುಗಳು ಬೇರೆ ಬೇರೆ ಕುಲನಾಮಗಳನ್ನು ಪಡೆದದ್ದೂ ಉಂಟು. ಇದರ ಹಿಂದೆ ಅಧಿಕಾರದ ಒತ್ತಡವಿತ್ತೆಂಬುದನ್ನು ನಾವು ಮರೆಮಾಚಬಾರದು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ವಿಚಾರಣಾಸಭೆಯು ಹೊಸ ಕ್ರೈಸ್ತರ ಊಟ, ಉಡುಪು, ಮದುವೆಯ ಸಂಪ್ರದಾಯಗಳನ್ನು ಕೂಡ ಶಂಕಿಸಿತು.

ಆ ಭಯದಿಂದಲೂ, ಬರಗಾಲ ಮತ್ತು ಯುದ್ಧಗಳಿಂದಲೂ, ಮುಖ್ಯವಾಗಿ 1683ರ ಮರಾಠರ ದಾಳಿಯ ಅನಂತರವೂ ಗೋವೆಯ ಕ್ರೈಸ್ತರು ತಂಡತಂಡವಾಗಿ ಕನ್ನಡ ಕರಾವಳಿಗೆ ಇಳಿದರು. ಕೆಳದಿಯ ಅರಸರು ಇವರನ್ನು ಒಳ್ಳೆಯ ಬೇಸಾಯಗಾರರೆಂದು ಬರಮಾಡಿಕೊಂಡರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಸ್ಥಾಪನೆಯಾದದ್ದು ರಾಣಿ ಚೆನ್ನಮ್ಮನ ಕಾಲದಲ್ಲಿ. ಇಲ್ಲಿಗೆ ಬಂದವರು ಪೋರ್ಚುಗೀಸ್ ಹೆಸರನ್ನು ಹೊತ್ತುಕೊಂಡೇ ಪೋರ್ಚುಗೀಸರ ಆಡಳಿತವನ್ನು ಬಿಟ್ಟುಬಂದವರು ಎಂಬ ಮಾತನ್ನು ನಾವು ಗಮನಿಸಬೇಕು. ಆ ಹೆಸರುಗಳನ್ನು ಅವರು ಕೊಂಕಣಿಯ ನಾಲಗೆಗೆ ಹೊಂದಿಸಿಕೊಂಡರು. ಮನೆಮಾತಿನಲ್ಲಿ ಡಿಸೋಜ ‘ಸೋಜ್’ ಆಯಿತು, ಲೋಬೊ ‘ಲೋಬ್’ ಆಯಿತು.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದನು. ದಾರಿಯಲ್ಲಿ ಮತ್ತು ಸೆರೆಯಲ್ಲಿ ಸಾವಿರಾರು ಜನರು ತೀರಿಕೊಂಡರು. ಬಲವಂತದಿಂದ ಮತವನ್ನೂ ಹೆಸರನ್ನೂ ಕಳೆದುಕೊಂಡವರು ಅನೇಕರಿದ್ದರು. ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಸೆರೆ ಬಿಟ್ಟು ಉಳಿದವರು ಮರಳಿದಾಗ ಅವರ ಭೂಮಿ ಅನೇಕ ಕಡೆಗಳಲ್ಲಿ ಇತರರ ವಶದಲ್ಲಿತ್ತು. ಹದಿನೈದು ವರ್ಷಗಳ ಸೆರೆಯ ಬಳಿಕ ಅವರು ತಮ್ಮ ಕುಲನಾಮಕ್ಕೆ ಮರಳಿದರು. ಒಂದು ಕಾಲದಲ್ಲಿ ಪರಕೀಯರು ಕೊಟ್ಟ ಹೆಸರು ಈಗ ಕಷ್ಟಾನುಭವದಿಂದ ಅವರ ಸ್ವಂತದ್ದಾಗಿತ್ತು. ಕಳಚಿಹಾಕಬಾರದೇ ಎಂದು ಕೇಳುವವರು ಈ ಹದಿನೈದು ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಲ್ಮಠದ ಪರಂಪರೆಯಲ್ಲಿ ಹೆಸರಿನ ಕ್ರಮ ಬೇರೆಯಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಸಭೆಗಳಲ್ಲಿ ತುಳುವರ ಬರಿಯ ಹೆಸರುಗಳು ಉಳಿದುಕೊಂಡವು. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಹರ್ಮನ್ ಎಂಬ ಜರ್ಮನ್ ಹೆಸರನ್ನು ಸ್ವೀಕರಿಸಿದರೂ ತಮ್ಮ ಗೋತ್ರನಾಮವನ್ನೇ ಕುಲನಾಮವಾಗಿ ಉಳಿಸಿಕೊಂಡರು. ಆದರೆ ಇಲ್ಲಿಯೂ ಹೆಸರು ಹಾಗೆಯೇ ಉಳಿಯಲಿಲ್ಲ. ತಾಯಿಯ ಕಡೆಯಿಂದ ಬರುತ್ತಿದ್ದ ಬರಿಯು ಕ್ರೈಸ್ತ ಮನೆಗಳಲ್ಲಿ ತಂದೆಯಿಂದ ಮಕ್ಕಳಿಗೆ ಬರುವ ಕುಲನಾಮವಾಯಿತು. ಕಥೋಲಿಕರಲ್ಲಿ ಕೆಲವು ಮನೆತನಗಳು ಲೋಬೊ ಪ್ರಭು, ಸಲ್ಡಾನ್ಹಾ ಶೇಟ್ ಎಂಬಂತೆ ಹಳೆಯ ಹೆಸರನ್ನು ಹೊಸದರೊಡನೆ ಜೋಡಿಸಿ ನೆನಪಿಟ್ಟುಕೊಂಡವು. ಇದು ಪೂರ್ವಜರ ನೆನಪೂ ಹೌದು. ಜಾತಿಯ ನೆನಪೂ ಹೌದು. ಮದುವೆಯ ಮಾತುಕತೆಯಲ್ಲಿ ಹೆಸರಿನ ಹಿಂದಿನ ಹೆಸರನ್ನು ವಿಚಾರಿಸುವ ರೂಢಿ ನಮ್ಮ ಸಭೆಗಳಲ್ಲಿ ಇನ್ನೂ ಅಳಿದಿಲ್ಲವೆಂಬುದನ್ನು ನಾವು ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಸತ್ಯವೇದದಲ್ಲಿ ಇದಕ್ಕೆ ಸಮೀಪವಾದ ಪ್ರಸಂಗವೊಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಯಾಜಕರಲ್ಲಿ ಬರ್ಜಿಲ್ಲೈ ಎಂಬ ಮನೆತನದವರಿದ್ದರು. ಅವರ ಮೂಲಪುರುಷನು ಗಿಲ್ಯಾದಿನ ಬರ್ಜಿಲ್ಲೈಯ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮದುವೆಯಾಗಿ ಹೆಂಡತಿಯ ಮನೆತನದ ಹೆಸರನ್ನು ಧರಿಸಿದ್ದನು. ಅವರೂ ಹಕ್ಕೋಚನ ಸಂತತಿಯವರೂ ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿದರು; ಸಿಕ್ಕಲಿಲ್ಲ. ಊರೀಮ್ ತುಮ್ಮೀಮ್‌ಗಳಿಂದ ದೈವನಿರ್ಣಯ ಕೊಡುವ ಯಾಜಕನು ಬರುವ ತನಕ ಅವರನ್ನು ಯಾಜಕೋದ್ಯೋಗದಿಂದ ದೂರವಿಡಲಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವರ ಬಗ್ಗೆ ಅಂತಿಮ ತೀರ್ಪನ್ನು ಮನುಷ್ಯರು ಕೊಡಲಿಲ್ಲ, ದೇವರಿಗೆ ಬಿಟ್ಟರು ಎಂಬುದು ನಮ್ಮ ಗಮನಕ್ಕೆ ಬರಬೇಕಾದ ವಿಷಯ. ಮುಂದೆ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಹಕ್ಕೋಚನ ವಂಶದ ಮೆರೇಮೋತನು ಯೆರೂಸಲೇಮಿನ ಗೋಡೆಯನ್ನು ಜೀರ್ಣೋದ್ಧಾರ ಮಾಡುವವರ ಸಾಲಿನಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತಾನೆ. ಸ್ನಾನಿಕನಾದ ಯೋಹಾನನಾದರೋ ಅಬ್ರಹಾಮನು ನಮಗೆ ತಂದೆ ಎಂಬ ಹೆಮ್ಮೆಯನ್ನೇ ಪ್ರಶ್ನಿಸಿ, ದೇವರು ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲನೆಂದು ಎಚ್ಚರಿಸಿದನು.

ಹಾಗಾದರೆ ಕುಲನಾಮವು ಏನನ್ನು ಹೇಳುತ್ತದೆ? ನಮ್ಮ ಹಿರಿಯರಲ್ಲಿ ಒಬ್ಬರು ದೀಕ್ಷಾಸ್ನಾನಕ್ಕೆ ನಿಂತ ದಿನ ಅವರ ಪಕ್ಕದಲ್ಲಿ ಮತ್ತೊಬ್ಬರು ಹೊಣೆಗಾರರಾಗಿ ನಿಂತಿದ್ದರು ಎಂಬುದನ್ನು ಅದು ಹೇಳುತ್ತದೆ. ರೋಲೊವಿನ ಪಕ್ಕದಲ್ಲಿ ರಾಬರ್ಟ್, ಹೆಸರುಳಿಯದ ಕೊಂಕಣಿ ರೈತನ ಪಕ್ಕದಲ್ಲಿ ಒಬ್ಬ ಸೋಸಾ. ಪಕ್ಕದಲ್ಲಿ ನಿಂತವನು ಕೆಲವೊಮ್ಮೆ ದಯಾಳು, ಕೆಲವೊಮ್ಮೆ ದಬ್ಬಾಳಿಕೆಯವನು. ಆದರೆ ಅಂದು ಆ ರೈತನನ್ನು ಹೆಸರು ಹಿಡಿದು ಕರೆದವನು ಕ್ರಿಸ್ತನು.

ಕದ್ರಿಯ ಹೆಸರೂ ಹಳೆಯದು. 968ರಲ್ಲಿ ಆಳುಪ ಅರಸ ಕುಂದವರ್ಮನು ಲೋಕೇಶ್ವರ ವಿಗ್ರಹವನ್ನು ಸ್ಥಾಪಿಸಿದ ಶಾಸನದಲ್ಲಿ ಇದು ಕದಿರಿಕಾ ವಿಹಾರ. 1623ರಲ್ಲಿ ಇಲ್ಲಿಗೆ ಬಂದು ಜೋಗಿಗಳ ಅರಸನನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಅದನ್ನು ತನ್ನ ಭಾಷೆಗೆ ಹೊಂದುವಂತೆ ಕದಿರಾ ಎಂದು ಬರೆದನು. ಆರಾಧನೆಯ ಕ್ರಮಗಳು ಬದಲಾದರೂ ನೆಲದ ಹೆಸರು ಉಳಿಯಿತು. ಪ್ರತಿ ಕಾಲದ ಜನರು ಅದಕ್ಕೆ ತಮ್ಮ ಅರ್ಥವನ್ನು ಕೊಟ್ಟರು.

ಸಭಾಪಾಲಕರಾಗಲಿರುವ ನಮ್ಮ ಸಹೋದರ ಸಹೋದರಿಯರಲ್ಲಿ ನಮ್ಮದೊಂದು ಬಿನ್ನಹವಿದೆ. ದೀಕ್ಷಾಸ್ನಾನದ ರಿಜಿಸ್ಟರನ್ನು ತುಂಬುವಾಗ ಮಗುವಿನ ಕುಲನಾಮದಷ್ಟೇ ಎಚ್ಚರದಿಂದ ಸಾಕ್ಷಿಗಳ ಹೆಸರನ್ನೂ ಬರೆಯಿರಿ. ಕುಲನಾಮವೇ ಇಲ್ಲದ ತಂದೆತಾಯಿಗಳು ಮಗುವನ್ನು ತಂದಾಗ ಆ ಅಂಕಣವು ಖಾಲಿಯಾಗಿದ್ದರೆ ಯಾವ ಕುಂದೂ ಇಲ್ಲವೆಂದು ಅವರಿಗೆ ಧೈರ್ಯ ಹೇಳಿರಿ. ತಮ್ಮ ಹೆಸರಿನ ಮೂಲವೇನೆಂದು ಯಾರಾದರೂ ಕೇಳಿದರೆ, ಆ ಹಳೆಯ ಪುಸ್ತಕವನ್ನು ತೆರೆದು, ಅವರ ಮನೆತನದ ಮೊದಲನೆಯ ದೀಕ್ಷೆ ಬರೆದಿರುವ ಸಾಲನ್ನು ತೋರಿಸಿರಿ.