ಬಿರುದಲ್ಲ, ಪದಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮೈಸೂರು ಸಂಸ್ಥಾನದಲ್ಲಿದ್ದಾಗ ಬಿರುದು ಕೊಡುವವರು ಮಹಾರಾಜರು. ದಿವಾನ್ ಮಿರ್ಜಾ ಇಸ್ಮಾಯಿಲ್ ಸಾಹೇಬರು 'ಅಮೀನುಲ್ ಮುಲ್ಕ್' ಆದದ್ದು ಹಾಗೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿತು. 1954ರಲ್ಲಿ ಪದ್ಮ ಪ್ರಶಸ್ತಿಗಳು ಬಂದವು. ಪೀಠಿಕೆಗೆ 'ಸಮಾಜವಾದಿ' ಪದ ಸೇರಿದ್ದು 1976ರಲ್ಲಿ. ಪದಕವನ್ನು ಹೆಸರಿನ ಹಿಂದೆಮುಂದೆ ಸೇರಿಸಬಾರದೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. (ನಮ್ಮ ಆಮಂತ್ರಣ ಪತ್ರಿಕೆಗಳು ಇದನ್ನು ಇನ್ನೂ ಓದಿಲ್ಲ!)

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರಿಗೆ ಅಕ್ಷರ ಬಾರದು. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವು ಅವರನ್ನು ಬಿಡಲಿಲ್ಲ. ತಮ್ಮೂರಿನ ಮಕ್ಕಳಿಗೆ ಮದರಸದ ಜಾಗದಲ್ಲಿ ತರಗತಿ ಆರಂಭವಾಗುವಂತೆ ಮಾಡಿದರು. ಹಣ್ಣಿನ ದುಡಿಮೆಯಲ್ಲಿ ಉಳಿಸಿ, ದಾನಿಗಳ ಬಾಗಿಲು ತಟ್ಟಿ ಶಾಲೆ ಕಟ್ಟಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು; 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಬರಿಗಾಲಲ್ಲೇ ಸ್ವೀಕರಿಸಿದರು. ಆಮೇಲೂ ಅವರು ಕೇಳಿದ್ದು ಊರಿಗೊಂದು ಪಿಯು ಕಾಲೇಜು.