ಎರಡನೇ ಪ್ರೊಸೆಸರ್

1980ರ ದಶಕದ ನಡುವೆ ಭಾರತ ಅಮೆರಿಕದ ಹತ್ತಿರ ಎರಡು ಪ್ರೊಸೆಸರ್ ಇರುವ ಒಂದು ಕಂಪ್ಯೂಟರ್ ಕೇಳಿತು. ಅಮೆರಿಕ ಕೊಟ್ಟಿದ್ದು ಒಂದು ಪ್ರೊಸೆಸರ್‌ನದ್ದು. ಕೇಳಿದ್ದು ಬಾಂಬು ಮಾಡೋಕಲ್ಲ, ಮಳೆ ಲೆಕ್ಕ ಹಾಕೋಕೆ.

ಆ ಯಂತ್ರದ ಹೆಸರು ಕ್ರೇ ಎಕ್ಸ್-ಎಂಪಿ. ಸ್ಟೀವ್ ಚೆನ್ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ್ದು, 1982ರಲ್ಲಿ ಹೊರಬಂತು. ಒಂದೇ ಮೆಮೊರಿಯನ್ನು ಎರಡು ಪ್ರೊಸೆಸರ್‌ಗಳು ಹಂಚಿಕೊಂಡು ದುಡಿಯುವುದು ಅದರ ವಿಶೇಷ. ಕ್ರೇ ಕಂಪನಿ ಇಟ್ಟ ಮಾಡೆಲ್ ನಂಬರ್ ಓದೋದು ಸುಲಭ: ಮೊದಲ ಅಂಕಿ ಎಷ್ಟು ಪ್ರೊಸೆಸರ್ ಅಂತ, ಎರಡನೆಯದು ಎಷ್ಟು ಮೆಗಾವರ್ಡ್ ಮೆಮೊರಿ ಅಂತ. ನಾವು ಕೇಳಿದ್ದು ಎಕ್ಸ್-ಎಂಪಿ/24. ಸಿಕ್ಕಿದ್ದು ಎಕ್ಸ್-ಎಂಪಿ/14. ಮೆಮೊರಿ ಎರಡರಲ್ಲೂ ಅಷ್ಟೇ, ಇವತ್ತಿನ ಲೆಕ್ಕದಲ್ಲಿ 32 ಎಂಬಿ. ಕಿತ್ತುಕೊಂಡದ್ದು ಎರಡನೇ ಪ್ರೊಸೆಸರನ್ನು ಮಾತ್ರ.

ಯಾಕೆ ಅಂದರೆ, ಮೋಡದ ಚಲನೆ ಲೆಕ್ಕ ಹಾಕುವ ಯಂತ್ರವೇ ಅಣ್ವಸ್ತ್ರದ ಸ್ಫೋಟವನ್ನೂ ಲೆಕ್ಕ ಹಾಕುತ್ತದೆ, ಗೂಢಲಿಪಿಯನ್ನೂ ಒಡೆಯುತ್ತದೆ. ಆ ಕಾಲದ ವಾಷಿಂಗ್ಟನ್‌ಗೆ ದೆಹಲಿಯ ಹಿಂದೆ ಮಾಸ್ಕೋ ಕಾಣುತ್ತಿತ್ತು. ವರ್ಷಗಟ್ಟಲೆ ಮಾತುಕತೆ ನಡೆದು 1987ರಲ್ಲಿ ಒಪ್ಪಂದವಾಯಿತು, ಹವಾಮಾನದ ಕೆಲಸಕ್ಕೆ ಮಾತ್ರ ಬಳಸಬೇಕು ಎಂಬ ಷರತ್ತಿನ ಮೇಲೆ. 1989ರಲ್ಲಿ ಯಂತ್ರ ದೆಹಲಿಯಲ್ಲಿ ಕೆಲಸ ಶುರು ಮಾಡಿತು. ಯುರೋಪಿನ ಹವಾಮಾನ ಕೇಂದ್ರ ಅಷ್ಟರಲ್ಲಿ ಎರಡು ಪ್ರೊಸೆಸರ್‌ನ ಎಕ್ಸ್-ಎಂಪಿಯನ್ನು ಬಳಸಿ ಮುಗಿಸಿ, ನಾಲ್ಕು ಪ್ರೊಸೆಸರ್‌ನದ್ದಕ್ಕೆ ಹೋಗಿ ಆಗಿತ್ತು.

ಒಂದು ಪ್ರೊಸೆಸರ್ ಕಡಿಮೆ ಆದರೆ ಏನು ಮಹಾ, ಎರಡು ಗಂಟೆಯ ಕೆಲಸ ನಾಲ್ಕು ಗಂಟೆ ಆಗುತ್ತದೆ ಅಷ್ಟೇ ತಾನೆ ಅನ್ನಬಹುದು. ನಮ್ಮ ಆಫೀಸ್ ಕೆಲಸಕ್ಕೆ ಆ ಮಾತು ನಡೆಯುತ್ತದೆ. ಹವಾಮಾನಕ್ಕೆ ನಡೆಯೋದಿಲ್ಲ. ನಾಳೆ ಬೆಳಿಗ್ಗೆಯ ಮಳೆಯ ಲೆಕ್ಕ ನಾಳೆ ಮಧ್ಯಾಹ್ನ ಮುಗಿದರೆ ಅದು ಮುನ್ಸೂಚನೆ ಅಲ್ಲ, ವರದಿ. ಹೊತ್ತಿಗೆ ಮುಗಿಸಬೇಕು ಅಂದರೆ ಲೆಕ್ಕವನ್ನೇ ಒರಟು ಮಾಡಬೇಕು. ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಗಾಳಿ, ತೇವ, ಶಾಖದ ಲೆಕ್ಕ ಹಾಕೋದು ಈ ಮಾಡೆಲ್‌ಗಳ ಕ್ರಮ. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಜೊತೆಗೆ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ ಎಂಟು ಪಟ್ಟು.

ಆ ಕ್ರೇ ಮೇಲೆ 1994ರಲ್ಲಿ ದಿನನಿತ್ಯದ ಬಳಕೆಗೆ ಬಂದ ಟಿ-80 ಮಾಡೆಲ್‌ನಲ್ಲಿ ಒಂದು ಚೌಕದ ಬದಿ ಸುಮಾರು 150 ಕಿಲೋಮೀಟರ್. ಅಂದರೆ ಇಪ್ಪತ್ತೆರಡು ಸಾವಿರ ಚದರ ಕಿಲೋಮೀಟರ್‌ಗೆ ಒಂದೇ ಮಳೆ. ಇಡೀ ಕೊಡಗು ಜಿಲ್ಲೆ 4,102 ಚದರ ಕಿಲೋಮೀಟರ್. ಐದು ಕೊಡಗುಗಳನ್ನು ಒಂದೇ ಚೀಲಕ್ಕೆ ತುಂಬಿದ ಹಾಗೆ. ಕೊಡಗಿನಲ್ಲಿ ಹುಟ್ಟಿದ ಯಾರಿಗಾದರೂ ಇದು ನಗು ಬರಿಸುವ ವಿಷಯ. ಮಡಿಕೇರಿಯಲ್ಲಿ ಬಸ್ ಹತ್ತುವಾಗ ಕೊಡೆ ಬಿಡಿಸಿ, ಮೂವತ್ತು ಕಿಲೋಮೀಟರ್ ಆಚೆ ಕುಶಾಲನಗರದಲ್ಲಿ ಒಣ ರಸ್ತೆಗೆ ಇಳಿದವರು ನಾವು. ವರ್ಷದ ಮಳೆ ಅಷ್ಟು ದೂರದಲ್ಲೇ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಭಾಗಮಂಡಲದ ಕಡೆ ಹೋದರೆ ಮಡಿಕೇರಿಗಿಂತ ಎಷ್ಟೋ ಜಾಸ್ತಿ. ಬೆಟ್ಟದ ಪಡುಗಡೆಗೆ ಒಂದು ಲೆಕ್ಕ, ಮೂಡುಗಡೆಗೆ ಇನ್ನೊಂದು.

ಬೆಂಗಳೂರಿನಲ್ಲಿ ಮಾತ್ರ ಕೆಲವರು ಅಮೆರಿಕದ ಉತ್ತರಕ್ಕೆ ಕಾದು ಕೂರಲಿಲ್ಲ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಎಎಲ್‌ನಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ ಯು. ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಅದರಲ್ಲಿದ್ದದ್ದು ಇಂಟೆಲ್ 8086, ಗಣಿತಕ್ಕೆ ಜೊತೆಗೊಂದು 8087. ಅಂಥ ನಾಲ್ಕು ಜೋಡಿ. ಬಿಇ ಓದುವಾಗ ಮೈಕ್ರೊಪ್ರೊಸೆಸರ್ ಲ್ಯಾಬ್‌ನಲ್ಲಿ ನಾವೆಲ್ಲ ಬೈಕೊಂಡು ಪ್ರೋಗ್ರಾಂ ಬರೆದ ಅದೇ 8086! ಪೇಟೆಯಲ್ಲಿ ಸಿಗುವ ಸಾಮಾನ್ಯ ಚಿಪ್ಪುಗಳನ್ನು ಒಟ್ಟಿಗೆ ದುಡಿಸಿದರೆ ದೊಡ್ಡ ಲೆಕ್ಕ ಮಾಡಬಹುದು ಅಂತ ಅವರು ಮಾಡಿಯೇ ತೋರಿಸಿದರು. ಪುಣೆಯ ಸಿ-ಡ್ಯಾಕ್ ಹುಟ್ಟಿದ್ದು 1988ರಲ್ಲಿ, ಅದರ ಪರಮ್ 8000 ಬಂದದ್ದು 1991ರಲ್ಲಿ. ಸೂಪರ್ ಕಂಪ್ಯೂಟರ್ ಅಂದ ಕೂಡಲೇ ಎಲ್ಲರೂ ಪರಮ್ ಹೆಸರು ಹೇಳುತ್ತಾರೆ. ಫ್ಲೋಸಾಲ್ವರ್ ಹೆಸರು ಅದನ್ನು ಕಟ್ಟಿದ ಊರಿನಲ್ಲೇ, ಅದೂ ಸಾಫ್ಟ್‌ವೇರ್‌ನವರಲ್ಲೇ, ಎಷ್ಟು ಜನಕ್ಕೆ ಗೊತ್ತು? ಮುಂದಿನ ಫ್ಲೋಸಾಲ್ವರ್‌ಗಳ ಮೇಲೆ ದೆಹಲಿಯ ಟಿ-80 ಮಾಡೆಲನ್ನೂ ಓಡಿಸಿದರು. ‘ವರ್ಷ’ ಅನ್ನುವ ತಮ್ಮದೇ ಮಳೆ ಮಾಡೆಲನ್ನೂ ಮಾಡಿದರು.

ಎರಡು ಪ್ರೊಸೆಸರ್ ಮನೆಯೊಳಗೆ ಬಂದದ್ದು ಹಿಂಬಾಗಿಲಿಂದ. 1999ರಲ್ಲಿ ಅಬಿಟ್ ಕಂಪನಿ ಬಿಪಿ6 ಅಂತ ಒಂದು ಮದರ್‌ಬೋರ್ಡ್ ಮಾರಿತು. ಇಂಟೆಲ್ ‘ಒಂದೇ ಹಾಕಿಕೊಳ್ಳಿ’ ಅಂತ ಕೊಟ್ಟಿದ್ದ ಅಗ್ಗದ ಸೆಲೆರಾನ್ ಚಿಪ್ಪುಗಳನ್ನು ಅದರಲ್ಲಿ ಜೋಡಿಯಾಗಿ ಕೂರಿಸಬಹುದಿತ್ತು. ವಿಂಡೋಸ್ 98ಕ್ಕೆ ಎರಡನೆಯದು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಲಿನಕ್ಸ್ ಹಾಕಿದವರು ಖುಷಿಪಟ್ಟರು. ಆಮೇಲೆ ಒಂದೇ ಚಿಪ್ಪಿನೊಳಗೆ ಹಲವು ಕೋರ್‌ಗಳು ಬಂದವು, ಜೋಡಿ ಪ್ರೊಸೆಸರ್ ಡೇಟಾ ಸೆಂಟರ್‌ಗಳ ಪಾಲಾಯಿತು. ಡೇಟಾ ಸೆಂಟರ್‌ಗಳಿಗೆ ಹಳತಿನ ಮೇಲೆ ಪ್ರೀತಿ ಇರೋದಿಲ್ಲ. ಕರೆಂಟಿನ ಲೆಕ್ಕ, ಜಾಗದ ಲೆಕ್ಕ, ವಾರಂಟಿಯ ಲೆಕ್ಕ ನೋಡಿ ಐದಾರು ವರ್ಷಕ್ಕೆ ಲಾಟ್‌ಗಟ್ಟಲೆ ಹೊರಗೆ ಹಾಕುತ್ತವೆ. 2012ರಲ್ಲಿ ಒಂದೂವರೆ ಸಾವಿರ ಡಾಲರ್ ಇದ್ದ ಇಂಟೆಲ್ ಜಿಯಾನ್ ಇ5-2670 ಚಿಪ್ಪು 2016ರ ಹೊತ್ತಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅರವತ್ತು-ಎಪ್ಪತ್ತು ಡಾಲರಿಗೆ ಬಂದಿತ್ತು.

ನಾನು ತಂದದ್ದು ಇದೇ ವಂಶದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಡೆಲ್ ಪವರ್‌ಎಡ್ಜ್ ಟಿ620, ನಿಲ್ಲಿಸುವ ಡಬ್ಬದ ರೂಪದ್ದು. ರ್‍ಯಾಕಿನಲ್ಲಿ ಮಲಗಿಸುವ ತೆಳ್ಳನೆಯ ಸರ್ವರ್ ಇನ್ನೂ ಅಗ್ಗಕ್ಕಿತ್ತು. ಆದರೆ ಅದರ ಸಣ್ಣ ಫ್ಯಾನುಗಳ ಕಿರುಚಾಟಕ್ಕೆ ಮನೆಯಲ್ಲಿ ಯಾರೂ ಉಳಿಯೋದಿಲ್ಲ. 28 ಸಾವಿರಕ್ಕೆ ಮಾತಾಯಿತು. ಒಳಗೆ ಎರಡು ಸಾಕೆಟ್, ಪ್ರೊಸೆಸರ್ ಮಾತ್ರ ಒಂದು. ದೆಹಲಿಗೆ ಬಂದ ಕ್ರೇ ಥರವೇ ಅಂತ ನನ್ನಷ್ಟಕ್ಕೆ ನಕ್ಕೆ. ಅಂಗಡಿಯವನು ಇನ್ನೂ ಚೌಕಾಸಿ ಮಾಡುತ್ತೇನೆ ಅಂದುಕೊಂಡ.

ಒಂದು ಸಾಕೆಟ್ ಖಾಲಿ ಇದ್ದರೆ ನಷ್ಟ ಅರ್ಧ ಲೆಕ್ಕಶಕ್ತಿ ಮಾತ್ರ ಅಲ್ಲ. ಈ ಬೋರ್ಡಿನಲ್ಲಿ ಮೆಮೊರಿಗೆ 24 ಸ್ಲಾಟ್ ಇವೆ, ಹನ್ನೆರಡು ಒಂದನೇ ಪ್ರೊಸೆಸರ್‌ಗೆ, ಹನ್ನೆರಡು ಎರಡನೆಯದಕ್ಕೆ. ಎರಡನೆಯದು ಇಲ್ಲದಿದ್ದರೆ ಅದರ ಹನ್ನೆರಡೂ ಸತ್ತ ಹಾಗೆ. ಹವಾಮಾನ ಮಾಡೆಲ್‌ಗೆ ಪ್ರೊಸೆಸರ್‌ನ ವೇಗಕ್ಕಿಂತ ಮೆಮೊರಿಯಿಂದ ಡೇಟಾ ಎಷ್ಟು ಬೇಗ ಬರುತ್ತದೆ ಅನ್ನೋದೇ ದೊಡ್ಡದು. ಗಾಣ ಎಷ್ಟು ದೊಡ್ಡದಿದ್ದರೇನು, ಕಬ್ಬು ಕೊಡುವ ಕೈ ಒಂದೇ ಆದರೆ? ಎರಡನೇ ಪ್ರೊಸೆಸರ್ ಕೂರಿಸಿದರೆ ಇನ್ನೂ ನಾಲ್ಕು ಮೆಮೊರಿ ಚಾನಲ್ ತೆರೆಯುತ್ತವೆ.

ಅದಕ್ಕೆ ಇದ್ದ ಚಿಪ್ಪನ್ನೂ ತೆಗೆದು, ಇ5-2697 ವಿ2 ಜೋಡಿ ಹಾಕಿದೆ. ತಲಾ 12 ಕೋರ್, ಒಟ್ಟು 24. 2013ರಲ್ಲಿ ಒಂದರ ಬೆಲೆ 2600 ಡಾಲರ್‌ಗೂ ಮೇಲೆ. ನನಗೆ ಎರಡೂ ಸೇರಿ ಏಳು ಸಾವಿರ ರೂಪಾಯಿ. ಸಾಕೆಟ್ ಅದೇ, ಆದರೆ ಮೊದಲು ಹಳೇ ಚಿಪ್ಪಿನಲ್ಲೇ ಬಯೋಸ್ ಅಪ್‌ಡೇಟ್ ಮಾಡಿ ಆಮೇಲೆ ಹೊಸದು ಕೂರಿಸಬೇಕು. ಎರಡೂ ಒಂದೇ ಮಾಡೆಲ್ ಆಗಿರಲೇಬೇಕು. ಎರಡನೆಯದಕ್ಕೆ ಹೀಟ್‌ಸಿಂಕ್, ಫ್ಯಾನ್ ಬೇರೆ. ಮೆಮೊರಿ 16 ಜಿಬಿಯ ಎಂಟು ಕಡ್ಡಿ, ಚಾನಲ್‌ಗೆ ಒಂದರಂತೆ. ಸರ್ವರ್ ಮೆಮೊರಿ ಮಾಮೂಲಿ ಡೆಸ್ಕ್‌ಟಾಪ್‌ಗೆ ಹಾಕಿದರೆ ಓಡುವುದಿಲ್ಲ, ಅದಕ್ಕೇ ಕೇಳುವವರಿಲ್ಲದೆ ಅಗ್ಗ. ಕಾಗದದ ಮೇಲಿನ ಲೆಕ್ಕ ಹೀಗಿದೆ: ಕ್ರೇಯ ಒಂದು ಪ್ರೊಸೆಸರ್ ಸೆಕೆಂಡಿಗೆ ಇಪ್ಪತ್ತು ಕೋಟಿ ಚಿಲ್ಲರೆ ಲೆಕ್ಕ ಮಾಡುತ್ತಿತ್ತು, ಈ ಜೋಡಿ ಐವತ್ತು ಸಾವಿರ ಕೋಟಿಗೂ ಹೆಚ್ಚು. ಎರಡು ಸಾವಿರ ಪಟ್ಟು.

ಊರಿಗೆ ತಂದು ಕಾಫಿ ಚೀಲ ಇಡುವ ಕೋಣೆಯಲ್ಲಿ ಇಟ್ಟಿದ್ದೇನೆ. ಕಕ್ಕಡ ತಿಂಗಳಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಸದಾ ಬೆಚ್ಚಗಿರುವ ಯಂತ್ರಕ್ಕೆ ಹಿಡಿಯೋದಿಲ್ಲ. ಅದರ ಹಿಂದೆ ಬರುವ ಬಿಸಿಗಾಳಿಗೆ ಅಮ್ಮ ಕಾಲುಚೀಲ ಒಣಹಾಕುತ್ತಾಳೆ. ಕೆಲಸ ಇಲ್ಲದಾಗಲೂ ನೂರಿಪ್ಪತ್ತು ವ್ಯಾಟ್ ಎಳೆಯುತ್ತದೆ, ದಿನಕ್ಕೆ ಹತ್ತಿರತ್ತಿರ ಮೂರು ಯೂನಿಟ್. ಸಿಡಿಲಿನ ಊರಾದ್ದರಿಂದ ಅರ್ಥಿಂಗ್ ಹೊಸದಾಗಿ ಮಾಡಿಸಬೇಕಾಯಿತು. ಅಗ್ಗ ಅಂದರೆ ಇದೆಲ್ಲ ಸೇರಿಸಿ ಅಗ್ಗ.

ಓಡಿಸುವುದು ವರ್ಫ್ ಅನ್ನುವ ಮಾಡೆಲ್. ಅಮೆರಿಕದ ವಿಜ್ಞಾನಿಗಳು ಮಾಡಿ ಇಟ್ಟದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಜಾಗತಿಕ ಡೇಟಾವನ್ನು ದಿನಕ್ಕೆ ನಾಲ್ಕು ಸಲ ಅಮೆರಿಕ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಎರಡನೇ ಪ್ರೊಸೆಸರ್ ಕೊಡಲ್ಲ ಅಂದ ಅದೇ ಸರ್ಕಾರ. ಕೊಡಗಿನ ಮೇಲೆ ನನ್ನ ಚೌಕ 3 ಕಿಲೋಮೀಟರಿನದ್ದು. ಬ್ರಹ್ಮಗಿರಿ, ಪುಷ್ಪಗಿರಿ, ತಡಿಯಂಡಮೋಳು ಆ ನಕ್ಷೆಯಲ್ಲಿ ಬೇರೆ ಬೇರೆ ಬೆಟ್ಟಗಳಾಗಿ ಕಾಣುತ್ತವೆ. ಒಂದೇ ಪ್ರೊಸೆಸರ್‌ನಲ್ಲಿ ಪರೀಕ್ಷಿಸಿದಾಗ 48 ಗಂಟೆಯ ಮುನ್ಸೂಚನೆಗೆ ಸುಮಾರು ಐದು ಗಂಟೆ ಹಿಡಿಯಿತು. ಎರಡರಲ್ಲಿ ಎರಡು ಗಂಟೆ ನಲವತ್ತು ನಿಮಿಷ. ಸಂಜೆಯ ಡೇಟಾ ಇಲ್ಲಿಗೆ ಸಿಗೋದು ರಾತ್ರಿ ಹತ್ತರ ಸುಮಾರಿಗೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳೋದು ಹೆಚ್ಚಾಗಿ ರಾತ್ರಿಯೇ, ಹಾಗಾಗಿ ಬೇಗ ಮುಗಿದಷ್ಟೂ ಮುಗಿಯುವ ಸಂಭವ ಜಾಸ್ತಿ.

ಸರಿ, ಮುನ್ಸೂಚನೆ ನಿಜವಾಗುತ್ತದಾ? ಜೂನ್-ಜುಲೈಯ ಮಳೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಗಾಳಿ ಪಡುವಣದಿಂದ ಬಂದು ಬೆಟ್ಟ ಹತ್ತುವ ಮಳೆ ಅದು. ಮಾರ್ಚಿನ ಹೂಮಳೆಯಲ್ಲಿ ಎಡವುತ್ತದೆ. ಕಾಫಿ ಬೆಳೆಗಾರರಿಗೆ ಬೇಕಾದದ್ದು ಅದೇ ನೋಡಿ. ಇನ್ನು ನಾಲ್ಕು ದಿನದಲ್ಲಿ ಒಂದು ಇಂಚು ಬರುತ್ತದೆ ಅಂತ ಗೊತ್ತಾದರೆ ಡೀಸೆಲ್ ಸುರಿದು ಸ್ಪ್ರಿಂಕ್ಲರ್ ಹಾಕುವುದು ಬೇಡ. ಆ ಮಳೆ ಗುಡುಗಿನದ್ದು, ಈ ತೋಟಕ್ಕೆ ಬಂದು ಪಕ್ಕದ ತೋಟಕ್ಕೆ ಬಾರದೇ ಹೋಗುವಂಥದ್ದು.

ಮಾಡೆಲ್ ಸರಿಯೋ ತಪ್ಪೋ ಅಂತ ನೋಡೋಕೆ ನನ್ನ ಹತ್ತಿರ ಇರೋದು ಅಜ್ಜನ ಮಳೆ ಪುಸ್ತಕ, ಅಂಗಳದ ಮಳೆಮಾಪಕ. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಬೆಳಿಗ್ಗೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ; ನೂರು ಸೆಂಟ್ ಅಂದರೆ ಒಂದು ಇಂಚು. ರಾಜ್ಯ ಸರ್ಕಾರದ ವಿಪತ್ತು ಉಸ್ತುವಾರಿ ಕೇಂದ್ರ ಈಗ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಆದರೂ ಹಳೇ ಡೈರಿಗಳಲ್ಲಿರುವ ಅಂಕಿ ಬೇರೆ ಯಾವ ಸರ್ವರ್‌ನಲ್ಲೂ ಇಲ್ಲ. ಹಾಗಾಗಿ ಈ ಡಬ್ಬದಲ್ಲಿ ವರ್ಫ್‌ಗಿಂತ ಹೆಚ್ಚು ಜೋಪಾನವಾಗಿ ಇಟ್ಟಿರುವುದು ಅಜ್ಜನ ಪುಸ್ತಕ, ಪಕ್ಕದ ಎರಡು ಮನೆಗಳ ಡೈರಿ ಇವುಗಳ ಸ್ಕ್ಯಾನನ್ನು.

2018ರ ಆಗಸ್ಟ್ ಆದ ಮೇಲೆ ನಮ್ಮೂರಲ್ಲಿ ಮಳೆ ಅಂದರೆ ಮೊದಲಿನ ಮಾತಲ್ಲ. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆ ಗುಡ್ಡಗಳೇ ಇಳಿದು ಬಂದವು; 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಈಗ ಜುಲೈಯಲ್ಲಿ ಎದುರಾದವರು ‘ನಿನ್ನ ಕಂಪ್ಯೂಟರ್ ಏನು ಹೇಳ್ತದೆ ಮಾರಾಯ, ರಾತ್ರಿ ಮಲಗ್‌ಬಹುದಾ?’ ಅಂತ ಕೇಳುತ್ತಾರೆ. ತಮಾಷೆಯ ದನಿಯಲ್ಲೇ ಕೇಳೋದು, ಆದರೆ ಉತ್ತರಕ್ಕೆ ನಿಲ್ಲುತ್ತಾರೆ. ಎಷ್ಟು ಇಂಚು ಬರಬಹುದು ಅಂತ ಮಾಡೆಲ್ ಹೇಳುತ್ತದೆ. ಯಾವ ಗುಡ್ಡದ ಮಣ್ಣು ಎಷ್ಟು ನೀರು ಕುಡಿದಿದೆ, ಎಲ್ಲಿ ರಸ್ತೆಗೆ, ಹೋಂಸ್ಟೇಗೆ ಅಂತ ಬುಡ ಕತ್ತರಿಸಿದ್ದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ನಕ್ಷೆ ಮಾತ್ರ ನೋಡೋಕೆ ಬಲು ಚೆನ್ನ. ಕೆಂಪು, ನೇರಳೆ ಬಣ್ಣ ಹಾಕಿ ವಾಟ್ಸಾಪ್‌ನಲ್ಲಿ ಬಿಟ್ಟರೆ ಅರ್ಧ ಗಂಟೆಗೆ ಸುಂಟಿಕೊಪ್ಪ ದಾಟಿರುತ್ತದೆ, ಯಾರು ಮಾಡಿದ್ದು ಅನ್ನುವ ಗುರುತು ಇಲ್ಲದೆ. ಅದಕ್ಕೆ ಊರಿನ ಗ್ರೂಪಿಗೆ ಹಾಕೋದಿಲ್ಲ. ಕೇಳಿದವರಿಗೆ ಹವಾಮಾನ ಇಲಾಖೆಯ ಎಚ್ಚರಿಕೆ ಏನಿದೆ ಅಂತ ಮೊದಲು ಹೇಳುತ್ತೇನೆ, ನನ್ನ ಅಂಕಿ ಆಮೇಲೆ.

ಇಲಾಖೆಯೂ 150 ಕಿಲೋಮೀಟರಿನ ಚೌಕದಲ್ಲಿ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿಲೋಮೀಟರ್, ಅದೂ ಇಡೀ ಭೂಮಿಗೆ. ನನ್ನ 3 ಕಿಲೋಮೀಟರ್ ಹೆಚ್ಚು ಸೂಕ್ಷ್ಮ ಅಂತ ಬೀಗೋ ಹಾಗಿಲ್ಲ, ನಾನು ನೋಡೋದು ಒಂದು ಜಿಲ್ಲೆ ಮಾತ್ರ. ಸದ್ಯಕ್ಕೆ ಕಾಣುವ ತೊಂದರೆ ಒಂದು: ನಮ್ಮ ಮನೆಯ ಹಿಂದಿನ ಪಡುಗುಡ್ಡದಲ್ಲಿ ಮಾಡೆಲ್ ಹೇಳುವ ಮಳೆ ಡೈರಿಗಿಂತ ಯಾವಾಗಲೂ ಕಡಿಮೆ. 1 ಕಿಲೋಮೀಟರ್ ಚೌಕ ಹಾಕಿ ನೋಡಬೇಕು. ಇಪ್ಪತ್ತೇಳು ಪಟ್ಟು ಕೆಲಸ, ಈ ಜೋಡಿಗೆ ಅದು ಒಂದು ರಾತ್ರಿಯಲ್ಲಿ ಮುಗಿಯೋದಲ್ಲ. ಗುಡ್ಡದ ಆಚೆ ಬದಿಯ ಮನೆಯವರೂ ಮಳೆ ಅಳೆಯುತ್ತಾರಂತೆ. ಮೊದಲು ಅವರ ಡೈರಿ ಕೇಳಿ ತರಬೇಕು.