ಕುದುರೆ ಬೆನ್ನಿನ ಬೋಧಕರು

ಅಮೆರಿಕದ ಗಡಿನಾಡಿನಲ್ಲಿ ಕ್ರೈಸ್ತರ ಮೆಥಡಿಸ್ಟ್ ಪಂಥ ಬೆಳೆದದ್ದು ಬೋಧಕರ ವಾಕ್ಚಾತುರ್ಯದಿಂದ ಎಂಬ ಮಾತು ಅರ್ಧ ಸತ್ಯ. 1771ರಲ್ಲಿ ಇಂಗ್ಲೆಂಡಿನಿಂದ ಫಿಲಡೆಲ್ಫಿಯಾಕ್ಕೆ ಬಂದಿಳಿದ, ಮುಂದೆ ಪಂಥದ ನಾಯಕರಾದ ಫ್ರಾನ್ಸಿಸ್ ಆಸ್ಬರಿ ದೊಡ್ಡ ವಾಗ್ಮಿಯೇನಲ್ಲ. ಅವರ ಬಲವೆಲ್ಲ ಇದ್ದದ್ದು ವ್ಯವಸ್ಥೆಯಲ್ಲಿ. ಒಬ್ಬೊಬ್ಬ ಬೋಧಕನಿಗೆ ಹತ್ತಾರು ಊರುಗಳ ಒಂದು ಸುತ್ತು. ಕೆಲವು ವಾರಗಳಿಗೊಮ್ಮೆ ಅದೇ ಮರದ ದಿಮ್ಮಿಯ ಮನೆಗಳಿಗೆ ಮರಳಬೇಕು. ವರ್ಷವೋ ಎರಡು ವರ್ಷವೋ ಕಳೆದರೆ ವರ್ಗಾವಣೆ. ಜೀನಿನ ಚೀಲದಲ್ಲಿ ಬೈಬಲ್, ಕೀರ್ತನೆ ಪುಸ್ತಕ, ಪಂಥದ ನಿಯಮಾವಳಿ. ಸಂಬಳ ವರ್ಷಕ್ಕೆ 64 ಡಾಲರ್, 1800ರಿಂದ 80; ಅದೂ ಪೂರ್ತಿ ಕೈಸೇರುತ್ತಿದ್ದುದು ಅಪರೂಪ. ಮದುವೆಯಾದವರಲ್ಲಿ ಅನೇಕರು ಸವಾರಿ ಬಿಟ್ಟು ಒಂದೆಡೆ ನೆಲೆಸಿದರು. ಇನ್ನು ಹಲವರು ಮೂವತ್ತು ತುಂಬುವ ಮೊದಲೇ ಕಾಯಿಲೆ, ದಣಿವಿನಿಂದ ತೀರಿಕೊಂಡರು.

ಜನರನ್ನು ಸೆಳೆದದ್ದು 1801ರಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ನಡೆದಂಥ ಬಯಲು ಸಭೆಗಳ ಆವೇಶವಲ್ಲವೇ ಎಂದು ಕೇಳಬಹುದು. ಸೆಳೆದದ್ದು ನಿಜ. ಆದರೆ ಆ ಸಭೆ ಕರೆದವರು ಇನ್ನೊಂದು ಕ್ರೈಸ್ತ ಪಂಥದವರಾದ ಪ್ರೆಸ್ಬಿಟೇರಿಯನ್ನರು. ಗಡಿನಾಡಿನಲ್ಲಿ ಅವರನ್ನು ಹಿಂದಿಕ್ಕಿದವರು ಮೆಥಡಿಸ್ಟರು. ಸಭೆ ಮುಗಿದು ಚದುರಿದ ಜನರ ಬಾಗಿಲಿಗೆ ಮತ್ತೆ ಹೋಗುವ ಏರ್ಪಾಡು ಇವರಲ್ಲಿತ್ತು. ಮಾತಿನ ಮೋಡಿಯೂ ಇತ್ತೆನ್ನಿ: ಆಸ್ಬರಿಯ ಜೊತೆ ಸುತ್ತಿದ ಕಪ್ಪುವರ್ಣೀಯ ಬೋಧಕ ಹ್ಯಾರಿ ಹೋಸಿಯರ್ ಮಾತಿಗೆ ಜನ ಮುಗಿಬೀಳುತ್ತಿದ್ದರು. ಆದರೂ ಅವರಿಗೆ ಪಾದ್ರಿ ದೀಕ್ಷೆ ದೊರೆಯಲೇ ಇಲ್ಲ. 1771ರಲ್ಲಿ ಸಾವಿರವನ್ನೂ ಮುಟ್ಟದಿದ್ದ ಪಂಥದ ಸದಸ್ಯರ ಸಂಖ್ಯೆ, 1816ರಲ್ಲಿ ಆಸ್ಬರಿ ತೀರಿಕೊಂಡಾಗ ಎರಡು ಲಕ್ಷ ದಾಟಿತ್ತು.